ಬೈತಲೆ ತೆಗೆದ ಸ್ಕ್ರೂಗಳು

ಆ ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವಂಥ ಒಂದು ಪ್ಲಗ್ಗೂ ಇರಲಿಲ್ಲ. ಗೋಡೆಯೆಲ್ಲ ಒಂದೇ ಬಿಳಿ, ಕಟ್ಟೆಯೆಲ್ಲ ಒಂದೇ ಕಪ್ಪು ಕಲ್ಲು. ಅಡುಗೆ ಕೆಲಸಕ್ಕೆ ಸೇರಿದ ಮೊದಲ ದಿನ ಅಕ್ಕ ಮಿಕ್ಸಿಯ ವಯರು ಹಿಡಿದುಕೊಂಡು, ಕರು ಕಟ್ಟಲು ಗೂಟ ಹುಡುಕುವವಳ ಹಾಗೆ ಕಟ್ಟೆಯುದ್ದಕ್ಕೂ ಎರಡು ಸಲ ಓಡಾಡಿದಳು. ಮನೆಯಾಕೆ ಬಂದು ನಲ್ಲಿಯ ಪಕ್ಕದ ಒಂದು ಕರಿಯ ಬಿಲ್ಲೆಯನ್ನು ಬೆರಳಿನಿಂದ ಒತ್ತಿದರು. ಕಲ್ಲಿನೊಳಗಿಂದ ಗೇಣುದ್ದದ ಕಂಬವೊಂದು ಮೇಲೆದ್ದು ನಿಂತಿತು. ಅದರ ಮೈಯಲ್ಲಿ ಎರಡು ಪ್ಲಗ್ಗು.

"ಒತ್ತಿದ್ರೆ ಬರುತ್ತೆ, ಒತ್ತಿದ್ರೆ ಹೋಗುತ್ತೆ."

"ಅಯ್ಯೋ, ಆಮೆ ತಲೆ ಇದ್ದಂಗಿದೆ!" ಅಂದಳು ಅಕ್ಕ. ಮನೆಯಾಕೆಯೂ ನಕ್ಕರು.

ಅವಳನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಒಬ್ಬನೇ ತಮ್ಮ ಮಾತು ಕಲಿತಾಗ ಶುರುವಾದ ಹೆಸರು, ಬೀದಿಗೆಲ್ಲ ಹಬ್ಬಿ ಹಾಗೇ ಉಳಿದಿತ್ತು. ಎರಡನೆಯ ದಿನ ಅವಳು ಕೈ ಒರೆಸಿಕೊಂಡು ಕೇಳಿದಳು.

"ಅಮ್ಮಾ, ಈ ಆಮೆಗೆ ನನ್ನ ಫೋನು ಒಂಚೂರು ಸಿಗಿಸ್ಕೊಳ್ಳಲಾ?"

"ಬೇಡಮ್ಮ. ಪಕ್ಕದಲ್ಲೇ ನೀರಿದೆ. ಅದು ಮಿಕ್ಸಿಗೆ ಮಾತ್ರ."

"ಮತ್ತೆ ಬೇರೆ ಎಲ್ಲಾದ್ರೂ..."

"ಬೇರೆ ಪ್ಲಗ್ ಇಲ್ಲ ಇಲ್ಲಿ. ನೀವೇ ನೋಡ್ತಿದ್ದೀರಲ್ಲ."

ಅಕ್ಕ ನೋಡಿದಳು. ಇರಲಿಲ್ಲ. ಇಲ್ಲದ್ದಕ್ಕೆ ಯಾರೇನು ಮಾಡಲಾದೀತು ಅಂದುಕೊಂಡು ಈರುಳ್ಳಿ ಹೆಚ್ಚಲು ಕೂತಳು.

ಆ ಫೋನಿಗೆ ವಯಸ್ಸಾಗಿತ್ತು. ಮನೆಯಲ್ಲಿ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಬೆಳಗ್ಗೆ ಹತ್ತೂವರೆಗೆಲ್ಲ ಕಣ್ಣು ಮುಚ್ಚುತ್ತಿತ್ತು. ಬೇರೆ ಕಾಲದಲ್ಲಾಗಿದ್ದರೆ ಅವಳು ಚಿಂತಿಸುತ್ತಿರಲಿಲ್ಲ. ಈಗ ಅದು ಆಸ್ಪತ್ರೆಯ ಕರೆಗೆ ಕಾಯುತ್ತಿದ್ದ ಫೋನು. ಅವಳ ಗಂಡ ಗಾರೆ ಕೆಲಸದವನು. ಎರಡೂ ಕಣ್ಣಿಗೆ ಪೊರೆ ಬಂದು, ಇಟ್ಟಿಗೆಯ ಸಾಲಿಗೆ ಕಟ್ಟಿದ ದಾರವೇ ಕಾಣದಂತಾಗಿ, ಗೋಡೆ ಕಟ್ಟುವವನು ಮರಳು ಜರಡಿ ಹಿಡಿಯುವವನಾಗಿದ್ದ. ಆಪರೇಷನ್ನಿಗೆ ಹೆಸರು ಬರೆಸಿ ಐದು ತಿಂಗಳಾಗಿತ್ತು. ಸರದಿ ಬಂದ ದಿನ ಫೋನ್ ಮಾಡುತ್ತೇವೆ, ಎರಡು ಸಲ ಮಾಡುತ್ತೇವೆ, ಎತ್ತದಿದ್ದರೆ ಮುಂದಿನವರಿಗೆ ಎಂದು ಆಸ್ಪತ್ರೆಯವರು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಗಂಡಹೆಂಡಿರಿಗೆ ಇದ್ದದ್ದು ಅದೊಂದೇ ಫೋನು. "ನಾನು ಕೆಲಸ ಮಾಡೋ ಕಡೆ ಇನ್ನೂ ಕರೆಂಟೇ ಬಂದಿಲ್ಲ. ನೀನು ಕೆಲಸಕ್ಕೆ ಹೋಗೋದು ದೊಡ್ಡ ಮನೆ, ನಿನ್ನ ಹತ್ರಾನೇ ಇರ್ಲಿ" ಎಂದು ಅವನೇ ಅದನ್ನು ಅವಳ ಚೀಲಕ್ಕೆ ಹಾಕಿದ್ದ.

ಒಂದು ಗುರುವಾರ ಸಂಜೆ ಮನೆಗೆ ಬಂದು ಫೋನಿಗೆ ಜೀವ ಕೊಟ್ಟಾಗ ಎರಡು ಕರೆ ಬಂದುಹೋಗಿದ್ದವು. ಹನ್ನೊಂದು ಗಂಟೆಗೊಂದು, ಹನ್ನೊಂದೂವರೆಗೊಂದು. ಮಾರನೆಯ ದಿನ ಅವಳೇ ಮಾಡಿದಾಗ ಆ ಕಡೆಯ ಹುಡುಗಿ ಬೇಸರವಿಲ್ಲದೆ ಹೇಳಿದಳು: ಸರದಿ ಹೋಯಿತು, ಇನ್ನು ನಾಲ್ಕು ತಿಂಗಳು.

"ಹೋಗ್ಲಿ ಬಿಡೆ, ಮರಳು ಜರಡಿಗೆ ಕಣ್ಣ್ಯಾಕೆ, ಕೈ ಸಾಕು" ಅಂದ ಗಂಡ. ಅವನು ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮನೆಯಾಕೆ ಮಹಡಿಯಿಂದಲೇ ಕೂಗಿ, ಕೈ ಒರೆಸುವ ಬಟ್ಟೆ ಮುಗಿದಿದ್ದರೆ ಕೊನೆಯ ಡ್ರಾಯರಿನಲ್ಲಿ ಹೊಸದಿದೆ ಎಂದರು. ಅಕ್ಕ ಕೈ ಹಾಕಿದಳು. ಬಟ್ಟೆ ಬೆಚ್ಚಗಿತ್ತು. ಬಿಸಿಲು ಕಾಣದ, ಒಲೆಯಿಂದ ದೂರದ ಡ್ರಾಯರು. ಆದರೂ ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ ಬುಟ್ಟಿಯೊಳಗೆ ಕೈ ಇಟ್ಟಾಗಿನಂಥ ಬಿಸಿ. ಕೋಳಿ ಇಲ್ಲದೆ ಬುಟ್ಟಿ ಬಿಸಿಯಾಗುವುದಿಲ್ಲ. ಅವಳು ಡ್ರಾಯರನ್ನು ಕೊನೆಯವರೆಗೂ ಎಳೆದಳು. ಹಿಂದಿನ ಹಲಗೆಗೆ ಒಂದು ಬಿಳಿ ಪಟ್ಟಿ, ಅದರಲ್ಲಿ ಎರಡು ಪ್ಲಗ್ಗು, ಒಂದಕ್ಕೆ ಸಿಗಿಸಿದ ಮನೆಯಾಕೆಯ ಇನ್ನೊಂದು ಫೋನು.

ಪಟ್ಟಿಯನ್ನು ಹಿಡಿದಿದ್ದ ಎರಡು ಸ್ಕ್ರೂಗಳ ತಲೆಯ ಗೆರೆಗಳೂ ನೆಟ್ಟಗೆ ಮೇಲಿಂದ ಕೆಳಕ್ಕೆ ನಿಂತಿದ್ದವು.

ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. ಸ್ಕ್ರೂಗಳನ್ನು ಹಾಗೆ ನಿಲ್ಲಿಸುವವನು ಒಬ್ಬನೇ. ಹೊಲದ ಪಂಪಿನ ಮನೆಯಲ್ಲಿ ವಯರಿಂಗು ಕಲಿಯುವಾಗ ತಮ್ಮನಿಗೆ ಹತ್ತಿದ ಅಭ್ಯಾಸ ಅದು. ಪಂಪು ನಡುಗಿ ಸ್ಕ್ರೂ ಸಡಿಲವಾದರೆ ಗೆರೆ ವಾಲುತ್ತದೆ, ಮುಟ್ಟದೆಯೇ ಕಣ್ಣಿಗೆ ತಿಳಿಯುತ್ತದೆ ಎನ್ನುತ್ತಿದ್ದ. "ನಮ್ಮೋನು ಸ್ಕ್ರೂಗೂ ಬೈತಲೆ ತೆಗೀತಾನೆ" ಎಂದು ಅಕ್ಕ ನಗಾಡುತ್ತಿದ್ದಳು. ಎರಡು ವರ್ಷದ ಹಿಂದೆ ಅವಳದೇ ಮನೆಯಲ್ಲಿ ಊಟಕ್ಕೆ ಕೂತು ಅವನು ಜಂಬ ಕೊಚ್ಚಿದ್ದೂ ನೆನಪಾಯಿತು: "ಒಂದು ಮನೆ ಮಾಡಿದ್ದೀನಿ ಅಕ್ಕ. ಹದಿನಾಲ್ಕು ಪ್ಲಗ್ಗು ಇಟ್ಟಿದ್ದೀನಿ. ಯಾರಾದ್ರೂ ಒಂದು ಹುಡುಕಿಕೊಟ್ರೆ ಮೂಗು ಕುಯ್ದು ಕೊಡ್ತೀನಿ." ಆಗ ಅವಳೂ ನಕ್ಕು ಇನ್ನೊಂದು ಸೌಟು ಬಡಿಸಿದ್ದಳು.

ಆ ದಿನ ಧೂಳು ಒರೆಸುತ್ತ ಮನೆಯನ್ನೆಲ್ಲ ಬೇರೆ ಕಣ್ಣಿನಲ್ಲಿ ನೋಡಿದಳು. ಮೇಲಿನ ಕಪಾಟಿನ ತಳದಂಚಿಗೆ ಮೂರು. ಸರಿಯುವ ಹಲಗೆಯ ಹಿಂದೆ ಎರಡು. ಯಜಮಾನರ ಆಫೀಸು ರೂಮಿನಲ್ಲಿ, ಮೇಜಿನ ಚರ್ಮದ ಮುಚ್ಚಳ ಎತ್ತಿದರೆ ಸಾಲಾಗಿ ನಾಲ್ಕು. ಎಲ್ಲಕ್ಕೂ ಬೈತಲೆ. ಎರಡು ತಿಂಗಳು ಅವಳು ಬಾವಿಕಟ್ಟೆಯ ಮೇಲೆ ಕೂತು ಬಾಯಾರಿದ್ದಳು.

ಸಂಜೆ ನೇರವಾಗಿ ತಮ್ಮನ ರಿಪೇರಿ ಅಂಗಡಿಗೆ ಹೋದಳು. ಅವನು ಫ್ಯಾನೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

"ಮೂಗು ಕೊಡು."

"ಏನಕ್ಕ?"

"ಆಮೆ ಬಿಟ್ಟು ಹನ್ನೊಂದು ಹುಡುಕಿದ್ದೀನಿ. ಮೂಗು ಕೊಡು."

ಅವನ ಮುಖ ಅರಳಿತು. "ಆ ಮನೇಲಾ ನೀನಿರೋದು? ಡ್ರಾಯರಿಂದೂ ಸಿಕ್ತಾ? ಸಾಧ್ಯಾನೇ ಇಲ್ಲ!"

ಅಕ್ಕ ಗುರುವಾರದ ಎರಡು ಕರೆಗಳನ್ನು ಹೇಳಿದಳು. ಹನ್ನೊಂದು ಗಂಟೆಯದು, ಹನ್ನೊಂದೂವರೆಯದು, ನಾಲ್ಕು ತಿಂಗಳು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟ.

"ನಾನು ಅವರು ಹೇಳಿದ ಕೆಲಸ ಮಾಡೋನು ಅಕ್ಕ."

"ಏನು ಹೇಳಿದ್ರು? ಅವರ ಬಾಯಲ್ಲಿ ಬಂದಂಗೇ ಹೇಳು."

"ಗೋಡೆ ಚೆನ್ನಾಗಿ ಕಾಣಬೇಕು ಅಂದ್ರು."

"ಆಮೇಲೆ?"

ಅವನು ಫ್ಯಾನಿನೊಳಗೆ ನೋಡಿದ. "ಕೆಲಸದೋರ ಕಣ್ಣಿಗೆ ಬೀಳಬಾರದು ಅಂದ್ರು. ಬರೋರೆಲ್ಲ ಚಾರ್ಜರ್ ಹಿಡ್ಕೊಂಡೇ ಬರ್ತಾರೆ ಅಂತ."

"ನೀನೇನಂದೆ?"

"ನಕ್ಕೆ."

"ನಕ್ಕೆ!" ಅಕ್ಕನ ದನಿಗೆ ಎದುರಿನ ಅಂಗಡಿಯವನು ತಿರುಗಿ ನೋಡಿದ. "ನೀನು ಈ ಕೆಲಸ ಕಲೀವಾಗ ನಿನ್ನ ತಟ್ಟೆಗೆ ಬೀಳ್ತಿದ್ದಿದ್ದು ನಾನು ಪಾತ್ರೆ ತೊಳೆದು ತಂದಿದ್ದು ಕಣೋ. ಕೆಲಸದೋರು ಅಂದ್ರೆ ಯಾರು ಅಂದ್ಕೊಂಡಿದ್ದೆ? ನಿನ್ನ ಭಾವನ ಕಣ್ಣಿಗೆ ಮಣ್ಣೆರಚಿ, ಅದಕ್ಕೂ ನೀಟಾಗಿ ಬೈತಲೆ ತೆಗೆದಿದ್ದೀಯ!"

ಮರುದಿನ ಬೆಳಗ್ಗೆ ಅವಳು ಡ್ರಾಯರನ್ನು ಪೂರ್ತಿ ಎಳೆದು, ಮನೆಯಾಕೆ ಕಾಫಿಗೆ ಬರುವ ಹೊತ್ತಿಗೆ ಸರಿಯಾಗಿ ತನ್ನ ಫೋನನ್ನು ಅವರ ಫೋನಿನ ಪಕ್ಕದಲ್ಲಿ ಸಿಗಿಸಿದಳು.

"ಅದು ಅಲ್ಲಿದೆ ಅಂತ ಯಾರು ಹೇಳಿದ್ದು?"

"ಸ್ಕ್ರೂ ಹೇಳಿದವು ಅಮ್ಮಾ."

"ಇದೇನು ಮಾತು? ಕೇಳಿದ್ರೆ ನಾನು ಬೇಡ ಅಂತಿದ್ನಾ?"

"ಕೇಳಿದ್ದೆನಲ್ಲ. ಇಲ್ಲ ಅಂದ್ರಿ."

"ಇಲ್ಲ ಅಂದ್ರೆ... ಹಂಗಲ್ಲ, ಒಬ್ರಿಗೆ ಕೊಟ್ರೆ ತೋಟದವನು ಕೇಳ್ತಾನೆ, ಡ್ರೈವರ್ ಕೇಳ್ತಾನೆ..."

"ಕೊಡಲ್ಲ ಅಂದಿದ್ರೆ ಸರಿಹೋಗ್ತಿತ್ತು." ಅಕ್ಕ ಡ್ರಾಯರಿನ ಅಂಚಿಗೆ ಕೈಯಿಟ್ಟು ನಿಂತಳು. "ಕೊಡಲ್ಲ ಅನ್ನೋರ ಮನೆ ಬಿಟ್ಟು ಇನ್ನೊಂದು ಮನೆ ನೋಡ್ಕೋಬಹುದು. ಫೋನು ಬೇರೆಯೋರ ಕೈಯಲ್ಲಿ ಇಡಬಹುದು. ನೀವು ಇಲ್ಲ ಅಂದ್ರಿ. ಇಲ್ಲದ್ದನ್ನ ಯಾರು ಹುಡುಕ್ತಾರೆ? ನಾನು ನಂಬಿದೆ. ಕಣ್ಣಿನ ಆಪರೇಷನ್ನಿನ ಕರೆ ತಪ್ಪಿಹೋಯ್ತು, ನನ್ನ ಗಂಡ ಇನ್ನೂ ನಾಲ್ಕು ತಿಂಗಳು ತಡಕಾಡ್ಕೊಂಡು ಓಡಾಡ್ತಾನೆ."

ಮನೆಯಾಕೆಯ ಮುಖ ಕೆಂಪಾಯಿತು. ಆಫೀಸು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಫೋನಿನ ಮಾತು ಕೇಳಿಸಿತು: ಡ್ರಾಯರಿಗೊಂದು ಸಣ್ಣ ಬೀಗ ಆಗಬೇಕು, ಇವತ್ತೇ, ಹಿಂದೆ ಕೆಲಸ ಮಾಡಿದವರೇ ಬಂದರೆ ಒಳ್ಳೆಯದು.

ಮಧ್ಯಾಹ್ನ ಬಂದವನು ತಮ್ಮನೇ. ಅಕ್ಕ ಕ್ಯಾರೆಟ್ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಡ್ರಾಯರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಳಗೆ ಬೆಚ್ಚಗೆ ಮಲಗಿದ್ದ ಎರಡು ಫೋನುಗಳನ್ನು ಬಹಳ ಹೊತ್ತು ನೋಡಿದ. ಒಂದು ಯಾರದೆಂದು ಅವನಿಗೆ ಗೊತ್ತು. ಅದರ ಒಡೆದ ಮೂಲೆಗೆ ಕರಿ ಟೇಪು ಸುತ್ತಿಕೊಟ್ಟವನು ಅವನೇ.

"ಬೀಗ ಆಗಲ್ಲ ಅಮ್ಮ."

"ಯಾಕೆ, ಜಾಗ ಇಲ್ವಾ?"

ಅಕ್ಕನ ಚಾಕು ನಿಂತಿತು. ಎಂಥ ಸುಲಭದ ಮಾತನ್ನು ಮನೆಯಾಕೆಯೇ ಎತ್ತಿ ಅವನ ಬಾಯಿಗಿಟ್ಟಿದ್ದರು. ಹೌದು, ಜಾಗ ಇಲ್ಲ ಅಂದುಬಿಟ್ಟರೆ ಮುಗಿಯಿತು. ಯಾರಿಗೂ ನೋವಿಲ್ಲ, ನಾಳೆಯ ಕೆಲಸಕ್ಕೂ ಕಲ್ಲು ಬೀಳುವುದಿಲ್ಲ.

ತಮ್ಮ ಒಮ್ಮೆ ಅಕ್ಕನ ಬೆನ್ನು ನೋಡಿದ.

"ಜಾಗ ಇದೆ," ಅಂದ. "ನಾನು ಹಾಕಲ್ಲ. ಇವಳು ನನ್ನ ಅಕ್ಕ."

ಮನೆಯಾಕೆ ಇಬ್ಬರ ಮುಖವನ್ನೂ ನೋಡಿದರು. ಕೊನೆಗೆ, ಬೀಗ ಹಾಕುವವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ, ಅಡುಗೆಯವರೂ ಇದ್ದಾರೆ ಎಂದರು.

"ಇದ್ದಾರೆ," ಅಂದಳು ಅಕ್ಕ. "ಅವರು ಕೇಳಿದ್ರೆ ಇಲ್ಲ ಅನ್ಬೇಡಿ ಅಮ್ಮಾ. ಕೊಡಲ್ಲ ಅನ್ನಿ."

ಉಳಿದ ಕ್ಯಾರೆಟ್ ಹೆಚ್ಚಿ ಮುಗಿಸಿ, ಒಲೆ ಆರಿಸಿ, ಹಲಗೆ ತೊಳೆದಿಟ್ಟು, ಡ್ರಾಯರಿನಿಂದ ಫೋನು ಬಿಡಿಸಿಕೊಂಡು ಅವಳು ಹೊರಟಳು. ಗೇಟಿನ ಹೊರಗೆ ತಮ್ಮ ಚೀಲ ಹಿಡಿದು ಕಾಯುತ್ತಿದ್ದ.

"ಅಕ್ಕ, ಹೇಳಿದ್ನಲ್ಲ."

"ಹೇಳಿದೆ. ಎರಡು ವರ್ಷ ತಡ ಆಯ್ತು. ಮೂಗು ನಿನ್ನ ಹತ್ರಾನೇ ಇರ್ಲಿ. ಭಾನುವಾರ ಬಂದು ಭಾವನ ಜೊತೆ ಮರಳು ಜರಡಿ ಹಿಡಿ. ನಾಲ್ಕು ತಿಂಗಳು, ಪ್ರತಿ ಭಾನುವಾರ."

ಅವನು ತಲೆಯಾಡಿಸಿದ. ಅಕ್ಕ ಫೋನನ್ನು ಚೀಲಕ್ಕೆ ಹಾಕುವ ಮುಂಚೆ ಒಮ್ಮೆ ನೋಡಿದಳು. ನೂರು ತೋರಿಸುತ್ತಿತ್ತು. ನಡುಹಗಲಿನಲ್ಲಿ ಅದು ನೂರು ತೋರಿಸಿದ್ದು ಅದೇ ಮೊದಲು. ಕರೆ ಮಾಡಬೇಕಾದವರು ಆಗಲೇ ಮಾಡಿ ಆಗಿತ್ತು.