ಗುಳ್ಳಿ ಹೋಗಿಲ್ಲ

ಆದೆಮ್ಮನಿಗೆ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಬಾಗಲವಾಡದಿಂದ ಗಂಡ ಹನುಮಂತ್ರಾಯನನ್ನು ರಾಯಚೂರಿನ ಆಸ್ಪತ್ರೆಗೆ ಕರೆತಂದರೆ, ಅವನ ಕಿಡ್ನಿಯಲ್ಲೊಂದು ಗುಳ್ಳೆ ಇದೆ, ಅದು ಬರೀ ನೀರಿನದೋ ಕ್ಯಾನ್ಸರೋ ನೋಡಬೇಕು ಎಂದಿದ್ದರು. ಕಿಡ್ನಿ ಮೊದಲೇ ಸೋತಿತ್ತು, ಸಿ.ಟಿ. ಸ್ಕ್ಯಾನಿಗೆ ಕೊಡುವ ಔಷಧವನ್ನು ಅದು ತಡೆಯಲಿಕ್ಕಿಲ್ಲ. ಅದಕ್ಕೇ ರಕ್ತನಾಳಕ್ಕೆ ಸಣ್ಣ ಸಣ್ಣ ಗುಳ್ಳೆ ಬಿಟ್ಟು ಬೇರೆ ಸ್ಕ್ಯಾನಿಂಗ್ ಮಾಡುತ್ತಾರಂತೆ. ಅಲ್ಲ, ಗುಳ್ಳೆ ಎದ್ದವನ ಮೈಗೆ ಮತ್ತೆ ಗುಳ್ಳೆ ಬಿಡುವುದೆಂದರೇನು? ಇವರ ಬುದ್ಧಿ ನೆಟ್ಟಗಿದೆಯೇ?

"ಇವು ಗಾಳಿ ಗುಳ್ಳಿ ಯವ್ವಾ, ಉಸಿರಿನಾಗ ಹೊರಗ ಹೋಗಿಬಿಡ್ತಾವ," ಎಂದಳು ಸ್ಕ್ಯಾನಿಂಗ್ ಡಾಕ್ಟರ್ ಪ್ರಿಯದರ್ಶಿನಿ, ದೇವದುರ್ಗದ ಹುಡುಗಿ. "ರಕ್ತ ಹೋದಲ್ಲೆಲ್ಲಾ ಹೋಗ್ತಾವ. ಟಿ.ವಿ.ಯಾಗ ಬೆಳ್ಳಗ ಕಾಣ್ತಾವ, ನೋಡ್ರಿ."

ಹಾಗಾದರೆ ಔಷಧಿಯೇ ಇರಬೇಕು. ಔಷಧಿ ಅಂದಮೇಲೆ ಬೇನೆ ಇದ್ದಲ್ಲಿಗೆ ಮುಟ್ಟಬೇಕಲ್ಲ ಎಂದುಕೊಂಡಳು ಆದೆಮ್ಮ. ಸೂಜಿ ಚುಚ್ಚಿ ಸ್ವಲ್ಪ ಹೊತ್ತಿಗೆ ಕಿಡ್ನಿಯೆಲ್ಲ ಬೆಳಗಿತು, ನಡುವಿನ ಒಂದು ಕಪ್ಪು ಮಚ್ಚೆ ಮಾತ್ರ ಹಾಗೇ ಉಳಿಯಿತು. ಬೇನೆ ಅಲ್ಲೇ ಇದೆ, ಔಷಧಿ ಮುಟ್ಟಿಲ್ಲ ಎಂದುಕೊಂಡಳು ಆದೆಮ್ಮ. ಬೀರಪ್ಪಾ, ಈ ಗುಳ್ಳೆ ಆ ಮಚ್ಚೆಯೊಳಗೂ ಹೊಕ್ಕರೆ ಮನೆಯ ಟಗರನ್ನು ನಿನ್ನ ಹೆಸರಿಗೆ ಬಿಡುತ್ತೇನೆ ಎಂದು ಕೈ ಮುಗಿದು ಹರಕೆ ಹೊತ್ತಳು. ಆ ಟಗರೆಂದರೆ ಹನುಮಂತ್ರಾಯನಿಗೆ ಪ್ರಾಣ. ಹೆಂಡತಿ ಉಂಡಳೋ ಬಿಟ್ಟಳೋ ಎಂದು ಒಂದು ದಿನವೂ ಕೇಳದವನು ಟಗರು ಮೇಯಿತೋ ಇಲ್ಲವೋ ಎಂದು ದಿನಾ ಕೇಳುತ್ತಿದ್ದ.

"ಗುಳ್ಳಿ ಹೋಗಿಲ್ಲ ಯವ್ವಾ," ಎಂದಳು ಪ್ರಿಯದರ್ಶಿನಿ, ನಗುತ್ತ.

ಆದೆಮ್ಮ ಗೋಡೆಗೆ ಆತು ಕುಸಿದಳು. ಮುಗಿಯಿತು. ಗುಳ್ಳೆ ಹೋಗಿಲ್ಲ, ಮೇಲೆ ಈ ಹುಡುಗಿ ಹಲ್ಲು ಬೇರೆ ಕಿಸಿಯುತ್ತಾಳೆ.

"ನನ್ನ ಗಂಡ ಸಾಯಾಕತ್ತಾನ, ನೀ ನಗಾಕತ್ತೀಯಲ್ಲ ಬೇ."

"ಯಾರು ಸಾಯಾಕತ್ತಾರ? ಗಾಳಿ ಗುಳ್ಳಿ ಆ ಕರಿ ಮಚ್ಚಿಯೊಳಗ ಹೋಗಿಲ್ಲ ಅಂದೆ. ಅಲ್ಲಿ ರಕ್ತ ಇಲ್ಲ, ಬರೀ ನೀರು ಅದ. ಹೋಗಿದ್ರ ಕ್ಯಾನ್ಸರ್ ಅಂತ ಸಂಶಯ ಪಡಬೇಕಿತ್ತು."

ಹಾಗಾದರೆ ತಾನು ಇಷ್ಟು ಹೊತ್ತು ಬೇಡಿಕೊಂಡದ್ದು ಏನನ್ನು? ಗಂಡನಿಗೆ ಕ್ಯಾನ್ಸರ್ ಬರಲೆಂದು ಹರಕೆ ಹೊತ್ತ ಹೆಂಗಸು ಇಡೀ ಮಾನ್ವಿ ತಾಲೂಕಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಬಿಕ್ಕುತ್ತಲೇ ಎಲ್ಲವನ್ನೂ ಗಂಡನಿಗೆ ಹೇಳಿದಳು.

"ಈಗ ಟಗರು ಬಿಡಬೇಕೋ, ಬ್ಯಾಡೋ?"

ಹನುಮಂತ್ರಾಯ ಹೊಟ್ಟೆಯ ಮೇಲೆ ಸ್ಕ್ಯಾನಿಂಗಿಗೆ ಹಚ್ಚಿದ್ದ ಅಂಟು ಒರೆಸಿಕೊಳ್ಳುತ್ತ ಅವಳ ಮುಖವನ್ನೇ ನೋಡಿದ.

"ಅದು ಆಮ್ಯಾಲ ನೋಡೂನು," ಎಂದ. "ಮುಂಜಾನಿಂದ ನೀ ಏನರ ಉಂಡೀಯೇನು?"