ಕುರುಡು ಕಿಂಡಿ

ಗುಜರಾತಿನ ವಟ್ವಾದಲ್ಲಿದ್ದ ಬಣ್ಣದ ಕಾರ್ಖಾನೆಗೆ ಹೊಸ ಕಂಪ್ಯೂಟರ್ ತರಿಸುವಾಗಲೇ ಕಂಟ್ರೋಲ್ ರೂಮಿನ ಮೇದಿನಿ ಬಾಯಿ ಬಡಕೊಂಡಿದ್ದಳು: ಪ್ರೊಸೆಸರ್ ಎಷ್ಟೇ ದೊಡ್ಡದಿರಲಿ, ಅದರೊಳಗೇ ಚೂರು ಗ್ರಾಫಿಕ್ಸ್ ಇರುವಂಥದ್ದನ್ನು ತನ್ನಿ. ಮ್ಯಾನೇಜರ್ ಕೃಷ್ಣರಾಜ ನಕ್ಕ. ಅವನೂ ಅವಳಂತೆ ತುಮಕೂರಿನವನೇ. ಊರವನೆಂಬ ಸಲುಗೆಯಲ್ಲಿ ಅವಮಾನವನ್ನೂ ಕನ್ನಡದಲ್ಲೇ ಮಾಡುತ್ತಿದ್ದ. ಗ್ರಾಫಿಕ್ಸ್ ಎಂದರೆ ಅವನ ಪಾಲಿಗೆ ಮಕ್ಕಳ ಆಟ. ಅಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೇ ಬೇರೆಯಾಗಿ ಹಾಕಿಸುತ್ತಿರುವಾಗ ಇನ್ನೊಂದು ಯಾಕಂತೆ?

"ಆಟಕ್ಕಲ್ಲ ಸಾರ್. ಕಾರ್ಡ್ ಕೆಟ್ಟ ದಿನ ಪರದೆ ಕಂಡ್ರೆ ಸಾಕು."

ಅವನು ಒಳಗೆ ಗ್ರಾಫಿಕ್ಸ್ ಇಲ್ಲದ್ದನ್ನೇ ತರಿಸಿದ. ಆ ಹಠಕ್ಕೆ ಬೆಂಕಿ ಬೀಳಲಿ.

ಮೇ ತಿಂಗಳ ಒಂದು ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಅಲಾರಂ ಹೊಡೆದುಕೊಂಡಿತು. ಬಣ್ಣ ಕುದಿಸುವ ಎರಡು ಟ್ಯಾಂಕುಗಳಲ್ಲಿ ಒಂದು ಮಿತಿಮೀರಿ ಕಾಯುತ್ತಿತ್ತು. ಯಾವುದೆಂದು ನೋಡುವಷ್ಟರಲ್ಲಿ ಕಾರ್ಡ್ ಸುಟ್ಟು ಪರದೆಗಳೆಲ್ಲ ಕಪ್ಪಾದವು. ಕಂಪ್ಯೂಟರ್ ಮಾತ್ರ ಓಡುತ್ತಲೇ ಇತ್ತು. ಅದಕ್ಕೆ ಎಲ್ಲವೂ ಗೊತ್ತಿತ್ತು, ತೋರಿಸಲಾಗುತ್ತಿರಲಿಲ್ಲ. ಮೇದಿನಿ ಪರದೆಯ ಕೇಬಲನ್ನು ಕಾರ್ಡಿನಿಂದ ಕಿತ್ತು ಕಂಪ್ಯೂಟರಿನ ಬೋರ್ಡಿನ ಕಿಂಡಿಗೆ ಚುಚ್ಚಿದಳು. ಕಿಂಡಿಯೇನೋ ಇತ್ತು, ಪ್ರೊಸೆಸರಿನಲ್ಲಿ ಚಿತ್ರ ಕೊಡುವ ಭಾಗವೇ ಇರಲಿಲ್ಲ.

ಅಷ್ಟರಲ್ಲಿ ಟ್ಯಾಂಕುಗಳ ಬಳಿಯಿದ್ದ ಕೆಲಸಗಾರ ಮಹೇಶ್ ವಾಕಿಟಾಕಿಯಲ್ಲಿ ಕೇಳಿದ, ಯಾವ ಮುಚ್ಚಳ ತೆಗೆಯಲಿ ಬೇನ್? ಅವನಿಗೆ ಅವಳು ಬೇನ್, ಅಕ್ಕ. ದಿನವೂ ಅವಳು ಪರದೆ ನೋಡಿ ಗುಜರಾತಿಯಲ್ಲಿ ನಂಬರ್ ಹೇಳುವುದು, ಅವನು ತೆಗೆದು ಸ್ಯಾಂಪಲ್ ಎತ್ತುವುದು. ಗಾಬರಿಯಲ್ಲಿ ಅವಳ ಬಾಯಿಗೆ ಬಂದದ್ದು ಮನೆಮಾತು ಕನ್ನಡ.

"ಬೇಡ! ಬೇಡ!"

ವಾಕಿಟಾಕಿಯ ಗರಗರ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು 'ಬೇ' ಅಷ್ಟೇ. ಗುಜರಾತಿಯಲ್ಲಿ ಬೇ ಎಂದರೆ ಎರಡು.

ಎರಡನೇ ಟ್ಯಾಂಕಿನಿಂದ ಕುದಿಯುವ ಕೆಂಪು ಬಣ್ಣ ಎದೆಗೆ ಅಪ್ಪಳಿಸಿ ಅವನನ್ನು ಕಬ್ಬಿಣದ ಮೆಟ್ಟಿಲ ಮೇಲಿಂದ ಕೆಳಕ್ಕೆ ಎಸೆಯಿತು. ಮೇದಿನಿ ಓಡಿಬಂದು ಅಂಗಿ ಎಳೆದರೆ ಜೊತೆಗೆ ಚರ್ಮವೂ ಬಂತು. ಬಣ್ಣ ಯಾವುದು, ರಕ್ತ ಯಾವುದು, ತಿಳಿಯಲಿಲ್ಲ.

ಕೃಷ್ಣರಾಜ ಬಂದವನು ಮಹೇಶನತ್ತ ನೋಡಲೂ ಇಲ್ಲ. ನೇರ ಕಂಟ್ರೋಲ್ ರೂಮಿಗೆ ಹೋಗಿ ಸುಟ್ಟ ಕಾರ್ಡನ್ನು ಕಿತ್ತು ತಂದ.

"ಪರದೆ ಸರಿಯಾಗೇ ಇತ್ತು ಅಂತ ಬರೀತೀನಿ. ಅವನೇ ತಪ್ಪು ಮುಚ್ಚಳ ತೆಗೆದ."

ಮೇದಿನಿ ಅವನ ಕೈಯಿಂದ ಕಾರ್ಡ್ ಕಸಿದು ಅದರಿಂದಲೇ ಅವನ ಬಾಯಿಗೆ ಬಾರಿಸಿದಳು. ತುಟಿ ಸೀಳಿತು. ಮತ್ತೆ ಬಾರಿಸಿದಳು. ಹಲ್ಲು ಮುರಿದ ಮೇಲೂ ಅವಳ ಕೈ ನಿಲ್ಲಲಿಲ್ಲ; ನಾಲ್ಕು ಜನ ಹಿಡಿದು ಎಳೆಯಬೇಕಾಯಿತು.

ಸ್ಟ್ರೆಚರ್ ಎತ್ತುವಾಗ ಮಹೇಶ್ ಅವಳನ್ನು ಹುಡುಕಿದ.

"ಬೇ ಜ ಕೀಧು'ತು ನೇ, ಬೇನ್?" ಎರಡು ಅಂತಲೇ ಹೇಳಿದ್ರಲ್ಲ?

ಅಲ್ಲ ಎಂದರೆ ತಪ್ಪು ಅವನ ತಲೆಗೆ. ಹೌದೆಂದರೆ ತನ್ನ ತಲೆಗೆ. ಮೇದಿನಿಗೆ ಹೆದರಿಕೆಯಾಯಿತು, ಆದರೂ ಅವನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗೇ ಹೇಳಿದಳು.

"ಹಾ ಭಾಯ್. ಬೇ ಜ."

ಅವನ ಮುಖ ಹಗುರಾಯಿತು. ಕೃಷ್ಣರಾಜ ರಕ್ತ ಉಗುಳಿ, ತಪ್ಪು ಇವಳೇ ಒಪ್ಪಿಕೊಂಡಳು, ಕೇಳಿಸಿಕೊಂಡಿರಲ್ಲ ಎಂದು ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ಕೇಳಿದ.