ಮಾದಪ್ಪನ ಪಟದ ಮೇಲಿನ ಥರ್ಮೋಸ್ಟಾಟ್

ನೀಲಾಂಬಿಕೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಣಸೂರಿನ ಸುತ್ತಮುತ್ತ ರೇಷ್ಮೆ ಬೆಳೆಯುವವರಿಗೆಲ್ಲ ಅದು ಗೊತ್ತು. ಬೈಸಿಕೊಂಡರೂ ಸರಿ, ಚಾಕಿ ಹುಳ, ಅಂದರೆ ರೇಷ್ಮೆಯ ಎಳೆ ಹುಳ, ಬೇಕೆಂದರೆ ಅವಳ ಕೇಂದ್ರಕ್ಕೇ ಬರುತ್ತಿದ್ದರು. ಮೊಟ್ಟೆಯೊಡೆದ ಹುಳಗಳನ್ನು ಎಲ್ಲವೂ ಒಂದೇ ಸಮ ಬೆಳೆಯುವ ಹಾಗೆ ಸಾಕಿ, ಎರಡನೇ ಜ್ವರ ದಾಟಿಸಿ ರೈತರ ಕೈಗೆ ಕೊಡುತ್ತಿದ್ದಳು. ಹುಳ ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ಅಲ್ಲಿನವರು ಜ್ವರ ಎನ್ನುತ್ತಾರೆ. ಕೇಂದ್ರಕ್ಕೆ ಬಂದ ಒಳ್ಳೆಯ ಹೆಸರಿನಲ್ಲಿ ಅರ್ಧ ಪಾಲು ಸೋಮಮ್ಮನದು. ಕಾಡಂಚಿನ ಗಿರಿಜನರ ಹಾಡಿಯಿಂದ ಬೆಳಗಿನ ಬಸ್ಸಿಗೆ ಬಂದು ಹುಳಕ್ಕೆ ಸೊಪ್ಪು ಕೊಡುತ್ತಿದ್ದವಳು ಅವಳೇ. ನೀಲಾಂಬಿಕೆ ಕಾಮಾಲೆಯಾಗಿ ಮಲಗಿದ್ದಾಗ ಒಂದು ಬೆಳೆಯನ್ನು ಪೂರ್ತಿ ಒಬ್ಬಳೇ ನೋಡಿಕೊಂಡಿದ್ದಳು. ಮಧ್ಯಾಹ್ನ ಇಬ್ಬರದೂ ಒಂದೇ ಬುತ್ತಿ.

ಈ ಬೇಸಿಗೆಗೆ ನೀಲಾಂಬಿಕೆ ಹುಳದ ಕೋಣೆಗೆ ಹೊಸ ಯಂತ್ರ ಹಾಕಿಸಿದಳು. ಚಾವಣಿಗೆ ತೂಗುಹಾಕಿದ ಉದ್ದನೆಯ ಪೆಟ್ಟಿಗೆ, ಅದರೊಳಗೆ ಸುತ್ತಿ ಸುತ್ತಿ ಬಾಗಿಸಿದ ಕೊಳವೆ, ಹಿಂದೊಂದು ಫ್ಯಾನು. ಹೊರಗಿನ ಯಂತ್ರದಲ್ಲಿ ತಣ್ಣಗಾದ ನೀರು ಆ ಕೊಳವೆಗೆ ಹರಿಯುತ್ತದೆ. ಗೋಡೆಗೆ ಹಾಕಲು ಅಂಗೈಯಗಲದ ಒಂದು ಡಬ್ಬಿ ಬೇರೆ ಇತ್ತು.

"ಇದು ಥರ್ಮೋಸ್ಟಾಟ್ ಅಕ್ಕ," ಎಂದ ಮೆಕ್ಯಾನಿಕ್ ವಸಂತ್. "ಬಿಸಿ ಆಯ್ತು ಅಂತ ಇದಕ್ಕೆ ಅನ್ನುಸ್ತೋ, ವಾಲ್ವ್ ತೆಗುಸ್ತದೆ, ತಣ್ಣೀರು ನುಗ್ತದೆ, ಫ್ಯಾನು ಜೋರಾಯ್ತದೆ. ಸಾಕು ಅನ್ನುಸ್ತೋ, ವಾಲ್ವ್ ಮುಚ್ಚುಸ್ತದೆ, ಫ್ಯಾನೂ ನಿಧಾನ ಆಯ್ತದೆ. ಗುಂಡಿ ಇಪ್ಪತ್ತೇಳು ಡಿಗ್ರೀಲಿ ಇಟ್ಟಿವ್ನಿ. ಎದುರು ಗೋಡೆಗೆ ಹಾಕ್ಬುಡ್ಲಾ?"

"ಅಲ್ಲಿ ಬ್ಯಾಡ ಕಣಪ್ಪ, ಬಂದೋರೆಲ್ಲ ಕೈಯಿಕ್ತಾರೆ. ಮಾದಪ್ಪನ ಪಟದ ಮೇಲ್ಗಡೆ ಹಾಕು. ದೇವ್ರತ್ರ ಯಾರೂ ಮೈಲಿಗೆ ಕೈ ಚಾಚಲ್ಲ."

ಯಜಮಾನಿಯ ಮಾತು ಮೀರುವುದುಂಟೇ? ವಸಂತ್ ಅದನ್ನು ಅಲ್ಲೇ ಬಿಗಿದು ಹೋದ.

ಊದುಬತ್ತಿಯ ಹೊಗೆ ಹುಳಕ್ಕಾಗದು. ಹಾಗಾಗಿ ನೀಲಾಂಬಿಕೆ ದಿನಾ ಬೆಳಿಗ್ಗೆ ಪಟದ ಮುಂದಿನ ಹಲಗೆಯ ಮೇಲೆ ಎಣ್ಣೆದೀಪವೊಂದನ್ನೇ ಹಚ್ಚಿ, ಕೋಣೆಯನ್ನು ಸೋಮಮ್ಮನಿಗೆ ಒಪ್ಪಿಸಿ ಹಿಪ್ಪುನೇರಳೆ ತೋಟಕ್ಕೆ ಹೋಗಿಬಿಡುತ್ತಿದ್ದಳು. ವಾಪಸು ಬಂದಾಗ ಕೋಣೆ ಮಂಜಿನಂತೆ ಕೊರೆಯುತ್ತಿರುತ್ತಿತ್ತು. ಅಷ್ಟು ತಣ್ಣಗಾದರೆ ಹುಳ ಒಂದೇ ಸಮ ಬೆಳೆಯುವುದಿಲ್ಲ. ಗುಂಡಿ ನೋಡಿದರೆ ಇಪ್ಪತ್ತೇಳರಲ್ಲೇ ಇದೆ. ಮಧ್ಯಾಹ್ನದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಬೆಳಗಿನ ಹೊತ್ತು ಒಳಗಿರುವವಳು ಸೋಮಮ್ಮ ಒಬ್ಬಳೇ. ಒಂದು ದಿನ ಅವಳು ಥರ್ಮೋಸ್ಟಾಟಿನ ಹತ್ತಿರ ಕೈಯೆತ್ತಿ ನಿಂತದ್ದನ್ನೂ ನೀಲಾಂಬಿಕೆ ಕಿಟಕಿಯಿಂದ ಕಂಡಳು. ನಾನು ಬರುವುದು ಕಂಡು ಗುಂಡಿಯನ್ನು ಮೊದಲಿದ್ದಲ್ಲಿಗೇ ತಿರುಗಿಸಿಡುತ್ತಾಳೆ ಎಂಬ ಅನುಮಾನ ತಲೆಗೆ ಹೊಕ್ಕಿತು. ಹೊಕ್ಕ ಮೇಲೆ ಹೊರಗೆ ಬರಲೇ ಇಲ್ಲ.

ಆ ವಾರವೇ ಪಿರಿಯಾಪಟ್ಟಣದ ನಂಜಣ್ಣ ಹುಳ ಒಯ್ಯಲು ಬಂದ. ಹುಳದ ತಟ್ಟೆ ನೋಡಿದವನೇ ಮುಖ ಸಿಂಡರಿಸಿದ. "ಇದೇನವ್ವಾ, ಅರ್ಧ ಹುಳ ಜ್ವರಕ್ಕೆ ಕೂತವೆ, ಇನ್ನರ್ಧ ಸೊಪ್ಪು ಮೇಯ್ತಾವೆ. ಇಂಗೆ ಏರುಪೇರಾದ್ರೆ ನಾನು ಬೆಳೆ ತೆಗ್ಯೋದೆಂಗೆ?"

ನೀಲಾಂಬಿಕೆಗೆ ಅವಮಾನದಿಂದ ಮೈಯುರಿಯಿತು. ಸೊಪ್ಪು ಹೆಚ್ಚುತ್ತಿದ್ದ ಸೋಮಮ್ಮನತ್ತ ತಿರುಗಿದಳು.

"ನಿಂಗೆ ತಣ್ಗೆ ಹಾಯಾಗಿರ್ಲಿ ಅಂತ ಹುಳ ಸಾಯಿಸ್ತೀಯಾ? ಗುಂಡಿ ಯಾಕೆ ತಿರುಗಿಸ್ತೀಯ?"

"ನಾನು ಮುಟ್ಟಿಲ್ಲ ಅಮ್ಮಾರೆ. ಪಟದ ಹೂವ ಸರಿ ಮಾಡ್ದೆ, ಅಷ್ಟೆಯಾ."

"ಸುಳ್ಳೂ ಕಲ್ತ್ಕೊಂಡಿದ್ದೀಯ. ಕಾಡಲ್ಲಿ ಬೆಳ್ದೋರ್ನ ತಂದು ಮೆಷಿನ್ ಪಕ್ಕ ನಿಲ್ಸಿದ್ನಲ್ಲ, ನನ್ ಬುದ್ಧಿಗಿಷ್ಟು!"

ಸೋಮಮ್ಮ ಹೆಚ್ಚಿದ ಸೊಪ್ಪನ್ನು ಕೊನೆಯ ತಟ್ಟೆಯವರೆಗೂ ಹರಡಿದಳು, ಕೈ ತೊಳೆದಳು, ಬುತ್ತಿ ತೆಗೆದುಕೊಂಡು ಹೊರಟಳು. ನಂಜಣ್ಣ ನೆಲ ನೋಡುತ್ತ ನಿಂತಿದ್ದ.

ಮಾರನೆಯ ದಿನ ಸೊಪ್ಪು ಕೊಡುವ ಕೆಲಸ ನೀಲಾಂಬಿಕೆಯ ಮೇಲೇ ಬಿತ್ತು. ದೀಪ ಹಚ್ಚಿ ಕೈಮುಗಿದು ತಟ್ಟೆಗಳ ಕಡೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ತಲೆಯ ಮೇಲೆ ಫ್ಯಾನು ಜೋರಾಯಿತು. ಕೋಣೆ ಆಗಲೇ ತಣ್ಣಗಿತ್ತು, ಆದರೂ ಫ್ಯಾನು ನಿಲ್ಲುವ ಸೂಚನೆಯೇ ಇಲ್ಲ. ಸೆರಗು ಹೊದ್ದುಕೊಂಡು ಥರ್ಮೋಸ್ಟಾಟಿನ ಹತ್ತಿರ ಹೋಗಿ ಮುಟ್ಟಿದಳು. ಡಬ್ಬಿ ಬೆಚ್ಚಗಿತ್ತು. ಕೆಳಗೆ, ಅದರ ನೇರಕ್ಕೇ, ದೀಪ ಉರಿಯುತ್ತಿತ್ತು. ದೀಪದ ಕಾವನ್ನೇ ಕೋಣೆಯ ಬಿಸಿಯೆಂದು ತಿಳಿದು ಅದು ವಾಲ್ವನ್ನು ಮುಚ್ಚಿಸದೆ ತಣ್ಣೀರು ಹರಿಸುತ್ತಲೇ ಇತ್ತು. ಎಣ್ಣೆ ತೀರಿ ದೀಪ ನಂದಿದ ಮೇಲೇ ಅದಕ್ಕೆ ನಿಜ ತಿಳಿಯುತ್ತಿದ್ದದ್ದು. ನೀಲಾಂಬಿಕೆ ಬತ್ತಿ ಎಳೆದು ನಂದಿಸಿದಳು. ತುಸು ಹೊತ್ತಿಗೆ ವಾಲ್ವು ಟಕ್ಕೆಂದಿತು, ಫ್ಯಾನು ನಿಧಾನವಾಯಿತು. ಅವಳು ಸೊಪ್ಪಿನ ಬುಟ್ಟಿಯ ಪಕ್ಕದಲ್ಲೇ ಕೂತಳು. ಆಡಿದ ಒಂದೊಂದು ಮಾತೂ ನೆನಪಾಯಿತು.

ಸೋಮಮ್ಮ ಆಮೇಲೂ ಬರಲಿಲ್ಲ. ಹುಳವೆಲ್ಲ ರೈತರ ಮನೆ ಸೇರಿದ ಮೇಲೆ ನೀಲಾಂಬಿಕೆಯೇ ಬಸ್ಸು ಹತ್ತಿ ಹಾಡಿಗೆ ಹೋದಳು. ಹೇಗಾದರೂ ಅವಳನ್ನು ಜೊತೆಯಲ್ಲೇ ಕರೆತರಬೇಕು ಎಂಬುದೊಂದೇ ಆಸೆ.

ಅಂಗಳದಲ್ಲಿ ರಾಗಿ ಕೇರುತ್ತಿದ್ದ ಸೋಮಮ್ಮ ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ನೀಲಾಂಬಿಕೆ ನೀರು ಕುಡಿಯುವುದಕ್ಕೂ ಮೊದಲೇ ಎಲ್ಲ ಹೇಳಿದಳು. ದೀಪದ ಕಾವು, ಮೋಸಹೋದ ಡಬ್ಬಿ, ಮುಚ್ಚದ ವಾಲ್ವು, ಡಬ್ಬಿಯನ್ನು ಈಗ ಎದುರು ಗೋಡೆಗೆ ಹಾಕಿಸಿದ್ದು.

"ಎಲ್ಲಾ ನಂದೇ ತಪ್ಪು ಸೋಮಮ್ಮ. ನೀನು ಗುಂಡಿ ಮುಟ್ಟೇ ಇರ್ಲಿಲ್ಲ. ಬಾ, ಹೋಗಣ."

ಸೋಮಮ್ಮ ಮೊರದಿಂದ ಕಲ್ಲೊಂದನ್ನು ಆಯ್ದು ಎಸೆದಳು.

"ಅಂಗಾರೆ, ನಾನು ಮುಟ್ಟಿದ್ರೆ ಕಾಡಲ್ಲಿ ಬೆಳ್ದೋರು ಅಂದ್ರಲ್ಲ, ಆ ಮಾತು ಸರಿ ಆಯ್ತಿತ್ತಾ ಅಮ್ಮಾರೆ?"

ದಾರಿಯುದ್ದಕ್ಕೂ ನೀಲಾಂಬಿಕೆ ಜೋಡಿಸಿಕೊಂಡು ಬಂದ ಮಾತೆಲ್ಲ ಯಂತ್ರದ ಮಾತೇ ಆಗಿತ್ತು.

"ಇಲ್ಲ," ಎಂದಳು ಕಡೆಗೆ.

"ಬುಡಿ. ನೀರು ಕುಡೀರಿ. ಈ ಬಸ್ಸು ತಪ್ಪೋದ್ರೆ ಸಂಜೆಗಂಟ ಇನ್ನೊಂದಿಲ್ಲ."

ಸೋಮಮ್ಮ ಬಸ್ಸು ನಿಲ್ಲುವ ಕಡೆಯವರೆಗೂ ಜೊತೆಯಲ್ಲಿ ಬಂದಳು. ಬಿಸಿಲೆಂದು ದಾರಿಯಲ್ಲಿ ಅವಳನ್ನು ಮರದ ನೆರಳಿಗೆ ನಿಲ್ಲಿಸಿದಳು. ಬಸ್ಸು ಬಂತು. ನೀಲಾಂಬಿಕೆ ಒಬ್ಬಳೇ ಹತ್ತಿದಳು.